ಹೇಗೂ ಉದುರುವ ಹಲ್ಲು

ಜಿಲ್ಲೆಯ ವೈದ್ಯಾಧಿಕಾರಿಗಳಿಗೆ, ಊರೆಲ್ಲ ಓದಲೆಂದು ಬರೆದದ್ದು.

ಮಾನ್ಯರೇ,

ನನ್ನ ಮೊಮ್ಮಗಳ ಹುಳುಕು ಹಲ್ಲಿನ ಬಗ್ಗೆ ಬರೆದುಕೊಂಡ ಅರ್ಜಿಗೆ ತಮ್ಮ ಕಚೇರಿಯಿಂದ ಉತ್ತರ ಬಂತು: ‘ಮಕ್ಕಳ ಹಲ್ಲು ತಾನಾಗಿ ಉದುರತಕ್ಕದ್ದಾದ್ದರಿಂದ ಸರ್ಕಾರದ ಚಿಕಿತ್ಸೆಗೆ ಅರ್ಹವಲ್ಲ.’ ಒಂದೂವರೆ ಸಾಲು. ಅದನ್ನು ಬರೆಯಲು ನಾಲ್ಕೂವರೆ ತಿಂಗಳು ಹಿಡಿದಿದೆ. ಅಷ್ಟು ದಿನದಲ್ಲಿ ಹಲ್ಲು ಉದುರಲಿಲ್ಲವೆಂದು ಅವಗಾಹನೆಗೆ ತರುತ್ತೇನೆ. ಇದೇ ನ್ಯಾಯವಾದರೆ ಮಕ್ಕಳಿಗೆ ಅಂಗಿ ಏಕೆ ಹೊಲಿಸಬೇಕು, ಹೇಗೂ ಗಿಡ್ಡವಾಗುತ್ತದೆ. ತಮ್ಮ ಕಚೇರಿಯ ಬಾಗಿಲನ್ನು ಬೆಳಿಗ್ಗೆ ಏಕೆ ತೆರೆಯಬೇಕು, ಸಂಜೆಗೆ ಹೇಗೂ ಮುಚ್ಚುತ್ತದಲ್ಲ?

ಇಂದ್ರಮ್ಮನಿಗೆ ಒಂಬತ್ತು ವರ್ಷ. ಎರಡು ವರ್ಷದ ಕೆಳಗೆ ಕೀಲುಕೀಲು ಬಾತು ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ಗುಂಡಿಗೆಯನ್ನು ಕೆಡಿಸಿ ಹೋಯಿತು. ಕೆರೆ ಏರಿ ಹತ್ತಿದರೆ ಮಗುವಿಗೆ ಏದುಸಿರು. ಈಗ ಬಲಗಡೆಯ ದವಡೆಹಲ್ಲು ತೂತು ಬಿದ್ದಿದೆ. ಸಂತೆಯಲ್ಲಿ ಹಲ್ಲು ಕೀಳುವ ಅಡವಯ್ಯನ ಬಳಿಗೆ ನನ್ನ ಮಗಳು ಜಗದಾಂಬ ಅವಳನ್ನು ಕರೆದುಕೊಂಡು ಹೊರಟಿದ್ದಳು. ನಮ್ಮ ಹೋಬಳಿಯ ಡಾಕ್ಟರು ದಾರಿಯಲ್ಲೇ ತಡೆದರು.

“ಇದು ಹಾಲುಹಲ್ಲಲ್ಲಮ್ಮ. ಆರನೇ ವರ್ಷಕ್ಕೆ ಹಿಂದುಗಡೆ ಸದ್ದಿಲ್ಲದೆ ಹುಟ್ಟೋದು. ಹೋದರೆ ಇನ್ನೊಂದು ಬರೋದಿಲ್ಲ. ಸಂತೇಲಿ ಕೀಳಿಸಿದರೆ ಹುಳುಕಿನ ನಂಜು ರಕ್ತಕ್ಕೆ ಸೇರಿ ಗುಂಡಿಗೇಲಿ ಕೂತುಬಿಡುತ್ತೆ. ಹಂಗೇ ಬಿಟ್ಟರೂ ಅದೇ ಭಯ. ಮೊದಲು ಪೆನ್ಸಿಲಿನ್ ಚುಚ್ಚಬೇಕು, ಆಮೇಲೆ ಹಲ್ಲಿನ ಡಾಕ್ಟರು ಮುಟ್ಟಬೇಕು. ನನ್ನ ಹತ್ತಿರ ಎರಡೂ ಇಲ್ಲ.”

“ಕೀಳ್ಸಂಗಿಲ್ಲ, ಬುಡಂಗಿಲ್ಲ. ಮತ್ತೆ ನಾನೇನ್ ಮಾಡ್ಲಿ ಸ್ವಾಮಿ?” ಎಂದಳು ಜಗದಾಂಬ. ಈ ಪ್ರಶ್ನೆಯನ್ನೇ ನಾನು ಒಳ್ಳೆಯ ಕಾಗದದ ಮೇಲೆ ತಮಗೆ ಬರೆದದ್ದು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ, ತಮ್ಮವರು ಶ್ರಮಪಟ್ಟು ಹುಡುಕುವುದು ಬೇಡ. ತಲೆಯ ಮೇಲೆ ಬೆಲ್ಲ ಹೊತ್ತು ಮಾರಿ ಅಂಗಡಿ ಇಟ್ಟವನು ನಾನು. ಸಾಮಾನಿಗೆ ಬಂದ ಮಕ್ಕಳಿಗೆ ಕೊಸರು ಎಂದು ಒಂದು ಚೂರು ಬೆಲ್ಲ ಕೊಡುವುದು ನಮ್ಮ ಅಂಗಡಿಗಳ ಪದ್ಧತಿ. ಮಗು ಮತ್ತೆ ನಮ್ಮಲ್ಲಿಗೇ ಬರುತ್ತದೆ. ಮೊಮ್ಮಗಳಿಗಂತೂ ಏನೂ ಕೊಳ್ಳದೆ ದಿನವಿಡೀ ಕೊಸರು. ಡಾಕ್ಟರ ಮಾತು ಕೇಳಿದ ಮೇಲೆ ಒಂದು ವಾರ, ಬಾಯಿ ತೆರೆದು ತೋರಿಸಿದವರಿಗಷ್ಟೇ ಕೊಸರು ಎಂದೆ. ಬಂದ ಮಕ್ಕಳು ನಲವತ್ತೊಂದು, ಹುಳುಕು ಇದ್ದವರು ಇಪ್ಪತ್ತೊಂಬತ್ತು.

ಕುರಿಹಟ್ಟಿಯ ಭೀಮಕ್ಕ ಇದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಏನ್ ಸಾವ್ಕಾರ್ರೇ, ಮಕ್ಕಳನ್ನ ಯಾಪಾರ ಮಾಡ್ತೀರಾ? ಕುರಿ ಹಲ್ಲು ನೋಡ್ದಂಗೆ ನೋಡ್ತಾ ಇದೀರಲ್ಲ!” ಆಮೇಲೆ ತನ್ನ ಮಗನ ಬಾಯಿಗೂ ಇಣುಕಿ ನೋಡಿ ಮೆತ್ತಗಾದಳು. “ಕುರಿ ಕೊಳ್ಳಾಕೆ ಮುಂಚೆ ಒಂದೊಂದ್ ಹಲ್ಲೂ ನೋಡ್ತೀವಿ ಕಣಪ್ಪ. ಇವುನ್ದು ಇವತ್ತೇ ನೋಡಿದ್ದು.”

ಕುರಿಗಿರುವ ಈ ಭಾಗ್ಯ ನಮ್ಮ ಮಕ್ಕಳಿಗೆ ಯಾವಾಗ, ಮಾನ್ಯರೇ? ಉತ್ತರದ ಜೊತೆ ತಾವು ಒಂದು ಚಿತ್ರಪಟ ಕಳಿಸಿದ್ದೀರಿ. ದುಂಡು ಕೆನ್ನೆಯ ಮಗು ನಿಲುವುಗನ್ನಡಿಯ ಮುಂದೆ ಬ್ರಷ್ ಹಿಡಿದು ನಗುತ್ತಿದೆ. ಬಹಳ ಚೆನ್ನಾಗಿದೆ, ಅಂಗಡಿಯಲ್ಲಿ ತೂಗುಹಾಕಿದ್ದೇನೆ. ಆ ಕನ್ನಡಿ ಎಲ್ಲಿ ಸಿಗುತ್ತದೆಂದು ಜನ ಕೇಳುತ್ತಾರೆ. ಬೇವಿನ ಕಡ್ಡಿ ನಮ್ಮಲ್ಲಿ ಬೇಕಾದಷ್ಟಿದೆ. ಬೆಲ್ಲ ಚಪ್ಪರಿಸುತ್ತಲೇ ನಿದ್ದೆಹೋಗುವ ಮಗುವಿನ ಬಾಯಿ ತೊಳೆಸಿ ಎಂದು ತಾಯಂದಿರಿಗೆ ಹೇಳುವ ಒಬ್ಬ ಮನುಷ್ಯ ಇಲ್ಲ. ನನ್ನ ಕೈಲಾದದ್ದನ್ನು ಮಾಡಿದ್ದೇನೆ: ಕೊಸರಿಗೆ ಈಗ ಹುರಿದ ಕಡಲೆಕಾಯಿ. “ಯಾಕ್ ತಾತ, ದಿವಾಳಿ ಎದ್ದೋದ್ಯಾ?” ಎಂದು ಮಕ್ಕಳು ಮರುಗುತ್ತಾರೆ.

ಇನ್ನು ತಮ್ಮ ಸರದಿ. ತಿಂಗಳಿಗೊಂದು ಸಂತೆಯ ದಿನ ಹಲ್ಲಿನ ಡಾಕ್ಟರು ನಮ್ಮ ಔಷಧಾಲಯಕ್ಕೆ ಬರಲಿ, ಶಾಲೆಯ ಮಕ್ಕಳ ಬಾಯಿ ನೋಡಲಿ. ಇಂದ್ರಮ್ಮನಂಥವರಿಗೆ ಮೊದಲು ಚುಚ್ಚುವ ಮದ್ದನ್ನೂ ತರಲಿ. ಮೊದಲ ಭೇಟಿ ಈ ತಿಂಗಳೇ ಆಗಲಿ.

ತಮ್ಮ ಉತ್ತರವನ್ನು ಮಗುವಿಗೆ ಓದಿ ಹೇಳಿದೆ. ಎಡಗಡೆಯಲ್ಲೇ ಅಗಿಯುತ್ತಿದ್ದವಳು ನಿಲ್ಲಿಸಿ, “ಉದುರ್ತದಂತಾ ತಾತ? ಯಾವತ್ತು?” ಎಂದಳು. ಕಾಗದ ತಿರುಗಿಸಿ ನೋಡಿದೆ, ದಿನಾಂಕ ಬರೆದಿಲ್ಲ. ಡಾಕ್ಟರನ್ನು ಕಳಿಸಿ, ಇಲ್ಲವೇ ಆ ದಿನಾಂಕವನ್ನು ತಿಳಿಸಿ. ಹಲ್ಲೇನೋ ಅಲ್ಲಿಯವರೆಗೆ ಇರುತ್ತದೆ. ಮಗುವಿನ ಬಗ್ಗೆ ಆ ಮಾತು ಹೇಳುವ ಧೈರ್ಯ ನನಗಿಲ್ಲ.

ಇಂತಿ,
ಮೊಮ್ಮಗಳ ಬಾಯಿಗೆ ಕೈಯಾರೆ ಹುಳುಕು ತುಂಬಿದ ತಾತ,
ಚನ್ನಮಲ್ಲಯ್ಯ, ಬೆಲ್ಲದ ಅಂಗಡಿ,
ಕಳ್ಳಂಬೆಳ್ಳ, ಶಿರಾ ತಾಲ್ಲೂಕು, ೧೯೪೬