ಬಾಣಂತಿಯ ನೀರು

11 ಮಾರ್ಚ್ 2025, ಮಂಗಳವಾರ, ಹಾಸನ

ಆ ಹುಡುಗಿ ನೀರು ಕುಡಿದ ಸದ್ದು ಕಿವಿಯಿಂದ ಹೋಗುತ್ತಿಲ್ಲ.

ಮಹಿಳಾ ಸಂಘದ ಕೆಲಸಕ್ಕೆಂದು ಇವತ್ತು ಹೋಗಿದ್ದು ಹೇಮಾವತಿ ಹಿನ್ನೀರಿನ ದಡದಲ್ಲಿರುವ ಮೀನು ಹಿಡಿಯುವವರ ಗುಡಿಸಲಿಗೆ. ಮೇಘಶ್ರೀ ಹೆತ್ತು ಇನ್ನೂ ವಾರವಾಗಿಲ್ಲ. ಕಣ್ಣೆದುರಿಗೆ ಅಷ್ಟು ನೀರಿದ್ದರೂ ಅವಳ ತುಟಿ ಒಣಗಿ ಬಿರಿದಿದೆ. ಬಾಣಂತಿ ನೀರು ಕುಡಿದರೆ ಕೂಸಿಗೆ ಶೀತವೆಂದು ಅತ್ತೆ ಲಕ್ಕಮ್ಮ ಒಂದು ಗುಟುಕು ಬಿಸಿನೀರಿಗಿಂತ ಹೆಚ್ಚು ಕೊಡುವುದಿಲ್ಲ. ಇದು ಮೌಢ್ಯ, ಹಿಂಸೆ ಎಂದು ನಾನು ಕೂಗಾಡಿದೆ.

“ನೀನು ಭಾಷಣ ಮಾಡ್ಬುಟ್ಟು ಬಸ್ಸತ್ತೀಯ ಕಣವ್ವ,” ಎಂದಳು ಲಕ್ಕಮ್ಮ. “ಕೂಸಿಗೆ ಉಸ್ರು ಕಟ್ಟುದ್ರೆ ಆಚೆ ದಡದ ಆಸ್ಪತ್ರೆಗೆ ತೆಪ್ಪ ನಡ್ಸೋಳು ನಾನು. ನನ್ ಮಗಳ ಕೂಸು ನಡುನೀರಲ್ಲೇ ತಣ್ಗಾಯ್ತು. ಯಾವ ಡಾಕ್ಟ್ರು ಬಂದಿದ್ದ?”

ಯಾವನೂ ಬಂದಿರಲಿಲ್ಲ. ಗುಡಿಸಲಿರುವ ದಡಕ್ಕೆ ರಸ್ತೆಯಿಲ್ಲ, ನರ್ಸಮ್ಮ ಇಲ್ಲ. ದೋಣಿ ತಂದು ಮೀನು ಒಯ್ಯುವ ಗುತ್ತಿಗೆದಾರ ಮಾತ್ರ ಒಂದು ದಿನವೂ ತಪ್ಪಿಸುವುದಿಲ್ಲ. ಮೊಮ್ಮಗುವನ್ನು ಕಳೆದುಕೊಂಡವಳ ಭಯಕ್ಕೆ ಮೌಢ್ಯ ಎಂದ ನನ್ನ ನಾಲಿಗೆಗೆ ಬೆಂಕಿ ಹಾಕ.

ಲಕ್ಕಮ್ಮ ಬಲೆ ಒಣಹಾಕಲು ಹೋದಾಗ ಕಾಯಿಸಿದ ನೀರಿನ ಚೊಂಬನ್ನು ಮೇಘಶ್ರೀಗೆ ಕೊಟ್ಟೆ. ಉಸಿರು ಬಿಡದೆ ಕುಡಿದಳು.

“ಅತ್ತೆಗೇಳ್ಬ್ಯಾಡ ಕಣಕ್ಕ.”

ನಾನು ಹೊರಡುವಾಗ ಕೂಸು ಸೀನಿತು. ಲಕ್ಕಮ್ಮ ಖಾಲಿ ಚೊಂಬನ್ನು ನೋಡಿದಳು, ಸೊಸೆಯನ್ನು ನೋಡಿದಳು. ನಾನು ಬಸ್ಸು ಹತ್ತಲು ಹೊರಟುಬಿಟ್ಟೆ.

ಎಳೆಗೂಸು ಸೀನುವುದು ಸಹಜ, ನನಗೆ ಗೊತ್ತು. ಆದರೆ ಇನ್ನು ಆ ಕೂಸಿಗೆ ಏನೇ ಆದರೂ ಕೊಂದವಳು ಮೇಘಶ್ರೀ ಎಂದೇ ಆಗುತ್ತದೆ. ನಾಳೆಯ ಧರಣಿಗೆ ನಾನಿಲ್ಲ. ಮೊದಲ ಬಸ್ಸಿಗೇ ಹೋಗಿ, ತೆಪ್ಪದಲ್ಲಿ ದಾಟಿ, ನೀರು ಕೊಟ್ಟವಳು ನಾನು ಎಂದು ಲಕ್ಕಮ್ಮನಿಗೆ ಹೇಳಬೇಕು. ಅದಕ್ಕೂ ಮೊದಲು ಈ ರಾತ್ರಿಯನ್ನು ಆ ಹುಡುಗಿ ಅದೇ ಗುಡಿಸಲಲ್ಲಿ, ಕೂಸಿನ ಉಸಿರು ಕೇಳುತ್ತಾ, ಅತ್ತೆಯ ಕಣ್ಣೆದುರಿಗೇ ಕಳೆಯಬೇಕು.