ಅತ್ತೆ ಕೊಟ್ಟ ಮುಯ್ಯಿ

ಫೆಬ್ರವರಿ ೧೫, ಬೆಳಿಗ್ಗೆ

ಲೆನ್ಸ್ ಒರೆಸಿಟ್ಟೆ. ಬ್ಯಾಟರಿ ಚಾರ್ಜ್‌ಗೆ ಹಾಕಿದೆ. ವಿಮಾ ಕಚೇರಿಯ ಕೆಲಸ ಬಿಟ್ಟು ತಿಂಗಳಾಯಿತು. ಭಾನುವಾರಗಳಲ್ಲಿ ಹಲಸೂರಿನ ಬೀದಿ ಸುತ್ತಿ ಫೋಟೋ ತೆಗೆಯುತ್ತಿದ್ದದ್ದು ಹವ್ಯಾಸ. ಇನ್ನು ಇದೇ ಕಸುಬು. ಮೊದಲ ಆರ್ಡರ್ — ದೊಮ್ಮಲೂರಿನ ಮುನಿರಾಜ್ ಅವರ ಮಗಳ ಮದುವೆ. ಕೊಡಿಸಿದ್ದು ಉಮಾಶ್ರೀ ಅತ್ತೆ, ಅಪ್ಪನ ಅಕ್ಕ; ಮುನಿರಾಜ್ ಅವರದು ಅತ್ತೆಯ ಎದುರುಮನೆ. "ರೇಟು ಗೀಟು ಎಲ್ಲ ನಾನು ಮಾತಾಡಿದೀನಿ ಕಣೆ, ನೀನು ಬಾಯಿ ಬಿಡ್ಬೇಡ" ಎಂದರು. ಬಿಡಲಿಲ್ಲ. ಅಂಥ ಮಾತು ನನಗೆ ಬರುವುದೂ ಇಲ್ಲ.

ಫೆಬ್ರವರಿ ೧೬, ಸಂಜೆ

ಕ್ಯಾಮೆರಾ ಚೀಲ ಬಿಚ್ಚದೆ ಮಂಚದ ಮೇಲೆ ಎಸೆದೆ. ಸುಸ್ತಿಗಲ್ಲ, ಸಿಟ್ಟಿಗೆ.

ಧಾರೆ ಚೆನ್ನಾಗಿ ಬಂತು. ಹುಡುಗಿಯ ಅಜ್ಜಿ ನಗು ತಡೆಯಲಾರದೆ ಸೆರಗು ಅಡ್ಡ ಹಿಡಿದದ್ದು... ಅದೊಂದೇ ಸಾಕಿತ್ತು. ಊಟದ ಹೊತ್ತಿಗೆ ಮೈಕಿನಲ್ಲಿ ಮುಯ್ಯಿ ಓದಲು ಶುರು. ಯಾರ ಮನೆಯಿಂದ ಏನು ಉಡುಗೊರೆ ಎಂದು. ಬೆಳ್ಳಿ ಚೊಂಬು, ಮಿಕ್ಸಿ, ಗೋಡೆ ಗಡಿಯಾರ... ಆಮೇಲೆ — "ಉಮಾಶ್ರೀ ಅಮ್ಮನವರ ಮುಯ್ಯಿ, ಮದುವೆಯ ಪೂರ್ತಿ ಫೋಟೋ ಮತ್ತು ಆಲ್ಬಮ್!"

ಚಪ್ಪಾಳೆ. ಅದರ ಫೋಟೋವನ್ನೂ ನಾನೇ ತೆಗೆದೆ.

ಕೈತೊಳೆಯುವ ಜಾಗದಲ್ಲಿ ಅತ್ತೆಯನ್ನು ಹಿಡಿದೆ.

"ಏನತ್ತೆ ಇದು?"

"ಮೆತ್ತಗೆ ಮಾತಾಡೇ. ನೀನೇನು ಕಳ್ಕೊಂಡೆ? ಬಟನ್ ಒತ್ತಿದೆ, ಅಷ್ಟೇ ತಾನೆ?"

"ಕೆಲಸ ಬಿಟ್ಟಿದೀನಿ ಅತ್ತೆ."

"ಬಿಡು ಅಂತ ನಾನು ಹೇಳಿದ್ನಾ? ನಾಳೆ ನಮ್ಮ ಗಗನಾ ಮದುವೇಲಿ ಅವ್ರು ಇಷ್ಟೇ ತೂಕದ ಮುಯ್ಯಿ ವಾಪಸ್ ಮಾಡ್ತಾರೆ."

ಗಗನಾ ಅವರ ಮಗಳು. ನನ್ನ ದುಡಿಮೆ, ಅವರ ಹೆಸರು, ಗಗನಾಳಿಗೆ ಬೆಳ್ಳಿ!

"ಪಾಯಸ ತಿಂದು ಹೋಗು," ಎಂದರು. ತಿನ್ನಲಿಲ್ಲ.

ಫೆಬ್ರವರಿ ೧೭

ಸಿಟ್ಟು ಮರೆಯಲು, ಓದುತ್ತಿದ್ದ ಜಪಾನಿ ಕಾದಂಬರಿಯ ಅನುವಾದ ತೆರೆದೆ. ಅದೇ ಪುಟ, ಅದೇ ಸಾಲು. ಮುಚ್ಚಿದೆ.

ಮಾರ್ಚ್ ೯

ಆಲ್ಬಮ್ ಮುದ್ರಣವಾಗಿ ಬಂತು. ಒಂದು ಚಿತ್ರವನ್ನೂ ಕೆಡಿಸಲಿಲ್ಲ. ಕೆಡಿಸಲು ಮನಸ್ಸು ಬರಲಿಲ್ಲವಲ್ಲ ಎಂದು ನನ್ನ ಮೇಲೂ ಸಿಟ್ಟು.

ಮುನಿರಾಜ್ ಫೋನ್ ಮಾಡಿದರು. "ಏನಮ್ಮ ಸುಕನ್ಯ, ಆಲ್ಬಮ್ ಆಯ್ತಾ? ಬೀಗರು ದಿನಾ ಕೇಳ್ತವ್ರೆ."

"ಆಗಿದೆ ಸರ್. ಆದ್ರೆ ಅದು ಅತ್ತೆಯ ಮುಯ್ಯಿ. ಅವರು ನನ್ನಿಂದ ಕೊಂಡ್ಕೊಂಡು, ಅವರೇ ನಿಮಗೆ ತಂದ್ಕೊಡ್ತಾರೆ."

"ಇನ್ನೂ ಕೊಂಡೇ ಇಲ್ವಾ? ಅಯ್ಯೋ, ಮೈಕಲ್ಲಿ ಕೂಗ್ಸುದ್ರಲ್ಲಮ್ಮ!"

"ನನಗೂ ಮೈಕಲ್ಲೇ ಗೊತ್ತಾಗಿದ್ದು ಸರ್."

ಫೋನ್ ಇಟ್ಟು ಬಿಲ್ ಬರೆದೆ. ಅತ್ತೆಯ ಹೆಸರಿಗೆ. ರಿಯಾಯಿತಿ ಇಲ್ಲ.

ಅದೇ ದಿನ, ಸಂಜೆ

ಕೆಳಗೆ ಆಟೋ ನಿಂತಿತು. ಅತ್ತೆಯ ದನಿ, ಬೀದಿಗೆಲ್ಲ ಕೇಳುವಂತೆ — "ಎಲ್ಲೋ ನಿನ್ನ ಮಗಳು? ಎದುರುಮನೇಲಿ ನನ್ನ ಮರ್ಯಾದೆ ತೆಗೆದ್ಲು!" ಅಪ್ಪ ಸಮಾಧಾನ ಮಾಡುತ್ತಿದ್ದಾರೆ — "ನಮ್ಮೋಳೇ ಅಲ್ವಾ ಅಕ್ಕಾ, ಕೊಟ್ಬಿಡ್ತಾಳೆ."

ಕೊಡುವುದಿಲ್ಲ. ಮೆಟ್ಟಿಲು ಹತ್ತುತ್ತಿದ್ದಾರೆ, ಇಬ್ಬರೂ. ಮೊದಲು ಅಪ್ಪನಿಗೆ ಹೇಳಬೇಕು, ನಾನು ನಿಮ್ಮೋಳೇ, ಆದರೆ ಬಿಲ್ ಕಟ್ಟದೆ ಆಲ್ಬಮ್ ಇಲ್ಲ ಅಂತ—