ಯಾರ ಅಟ್ಟದ ಕೊಬ್ಬರಿ

ನಮ್ಮ ಮಂಗಳಕ್ಕನ ಹೊಟ್ಟೆಯಲ್ಲಿರುವ ಕೂಸೇ,

ನಿನಗಿನ್ನೂ ಹೆಸರಿಲ್ಲ, ಆದರೂ ಸಲುಗೆಯಿಂದ ಬರೆಯುತ್ತಿದ್ದೇನೆ. ನಾನು ನಿನ್ನ ಚಿಕ್ಕಮ್ಮ ಆಶಾ. ಸೂಪರ್ ಕಂಪ್ಯೂಟರಿನ ಮುಂದೆ ಕೂತು ಅಣುಗಳ ಲೆಕ್ಕ ಮಾಡುವವಳು. ಯಾವ ಅಣು ಎಲ್ಲಿ ಮುರಿಯುತ್ತದೆ, ಮುರಿಯಲು ಎಷ್ಟು ಶಕ್ತಿ ಬೇಕು, ಇದೇ ನನ್ನ ಕ್ವಾಂಟಂ ಕೆಮಿಸ್ಟ್ರಿ. "ಕಣ್ಣಿಗೆ ಕಾಣ್ದಿದ್ದನ್ನ ಎಣ್ಸಕ್ಕೂ ಸಂಬಳ ಕೊಡ್ತಾರೇನೇ?" ಎಂದು ನಿನ್ನ ಅಜ್ಜಿ ಪುಟ್ಟಗೌರಮ್ಮ ಇವತ್ತಿಗೂ ಕೇಳುತ್ತಾಳೆ. ಕೊಡುತ್ತಾರೆ. ಆದರೆ ಈ ಸಲದ ಲೆಕ್ಕ ನನಗೆ ಬೇಡವಾಗಿತ್ತು.

ಎರಡು ವರ್ಷದ ಹಿಂದೆ ತುರುವೇಕೆರೆಯ ನಮ್ಮ ತೋಟಕ್ಕೆ ಕಪ್ಪುತಲೆ ಹುಳು ಬಿದ್ದು ಗರಿಗಳೆಲ್ಲ ಸುಟ್ಟ ಹಾಗಾದವು. ನಿನ್ನ ತಾತ ಕರಿಯಪ್ಪ ತೆಂಗಿನ ಎಳೆ ಬೇರು ಕತ್ತರಿಸಿ, ಹೊಸದಾಗಿ ಬಂದಿದ್ದ ಔಷಧಿಯ ಚೀಲ ಕಟ್ಟಿದ. ಮರ ಅದನ್ನು ಕುಡಿದು ಚಿಗುರಿತು. ಆಮೇಲೆ ಇಳಿಸಿದ ಕಾಯಿ ಅಟ್ಟ ಸೇರಿತು. ನಮ್ಮಲ್ಲಿ ಕಾಯಿ ಕೊಬ್ಬರಿಯಾಗಲು ಅಟ್ಟದಲ್ಲೇ ಸುಮಾರು ಒಂದು ವರ್ಷ ಒಣಗಬೇಕು. "ವರ್ಸೊಪ್ಪತ್ತು ಒಣಗ್ತದೆ, ವಿಷ ಎಲ್ಲುಳ್ದಾತು ಬುಡು" ಎಂದ ತಾತ. ಇಡೀ ಸೀಮೆ ನಂಬಿದ್ದೂ ಅದನ್ನೇ.

ನನ್ನ ಲೆಕ್ಕ ಬೇರೆ ಹೇಳಿತು. ಆ ಔಷಧಿಯ ಅಣುವನ್ನು ಮುರಿಯುವುದು ನೀರು. ಅಟ್ಟದಲ್ಲಿ ಮೊದಲು ಹೋಗುವುದೇ ನೀರು. ಉಳಿದ ಎಣ್ಣೆಯೊಳಗೆ ಆ ಅಣು ಮಗ್ಗುಲು ಸಹ ಬದಲಿಸದೆ ಮಲಗಿರುತ್ತದೆ. ತಪ್ಪಾಗಿರಲಿ ಎಂದು ದೇವರಿಗೆ ಕೈಮುಗಿದು ಮತ್ತೆ ಮಾಡಿದೆ. ಸಾವಿರಾರು ಪ್ರೊಸೆಸರುಗಳು ವಾರವಿಡೀ ದುಡಿದು ಅದನ್ನೇ ಹೇಳಿದವು. ಪ್ರಯೋಗಾಲಯಕ್ಕೆ ಕೊಬ್ಬರಿ ಕಳಿಸಿದ್ದೇನೆ, ವರದಿ ಬಂದಿಲ್ಲ. ಅದು ಬರುವ ತನಕ ಬಾಯಿ ಬಿಡಬೇಡಿ ಎಂದರು ನಮ್ಮ ಮುಖ್ಯಸ್ಥರು. ಬಾಣಂತಿಯ ಕೊಬ್ಬರಿ ಉಂಡೆ ವರದಿಗೆ ಕಾಯುತ್ತದೆಯೇ? ಅಕ್ಕ ತಿಂದದ್ದು ಹಾಲಾಗಿ ನಿನ್ನ ಬಾಯಿಗೆ ಬರುತ್ತದೆ. ಮನೆಗೆ ಫೋನ್ ಮಾಡಿ ಹೇಳಿಬಿಟ್ಟೆ.

ತಾತ ನನ್ನ ಮಾತು ಕೇಳಿದ. ಕೇಳಿ ಏನು ಮಾಡಿದ ಗೊತ್ತೇ? ನಮ್ಮ ಅಟ್ಟದ ಕೊಬ್ಬರಿಯನ್ನೆಲ್ಲ ತಿಪಟೂರು ಮಾರುಕಟ್ಟೆಗೆ ಹಾಕಿ, ನಿಮ್ಮಮ್ಮನ ಉಂಡೆಗೆಂದು ಶೆಟ್ಟಿಕೆರೆಯಲ್ಲಿರುವ ನನ್ನ ಸೋದರಮಾವ ಕೆಂಚಪ್ಪನ ಮನೆಯಿಂದ ಕೊಬ್ಬರಿ ತಂದ. ನಾನು ಮಾವನಿಗೂ ಫೋನ್ ಮಾಡಿದೆ. "ನಿಮ್ಮಪ್ಪನ ಮರ ಚಿಗುರಿದ್ದ ನೋಡೇ ನಾನೂ ಅದೇ ಔಸ್ದಿ ಕಟ್ಟಿದ್ದು ಕಣವ್ವ" ಎಂದ, ಸಂತೋಷದಿಂದ.

ಅಜ್ಜಿಗೆ ಇದನ್ನು ಹೇಳಿದಾಗ ಅವಳು ಸಿಟ್ಟಾಗಲಿಲ್ಲ. "ಹಂಗಾರೆ ಯಾರ ಅಟ್ಟದ್ದು ತರಾನ, ನೀನೇ ಹೇಳೇ" ಅಂದಳು. ದಬ್ಬೇಘಟ್ಟದಿಂದ ಚಿಕ್ಕನಾಯಕನಹಳ್ಳಿಯವರೆಗೆ ನೆಂಟರ ಮನೆಗಳನ್ನೆಲ್ಲ ನೆನೆದೆ. ಎಲ್ಲರೂ ಅದೇ ಔಷಧಿ ಕಟ್ಟಿದವರೇ. ಉಂಡೆ ಬಿಡಿಸಬಹುದು, ಸಾರು ಚಟ್ನಿ ಬಿಡಿಸುವುದು ಹೇಗೆ? ನಿನ್ನ ಮೈಗೆ ಹಚ್ಚಲು ಅದೇ ಕೊಬ್ಬರಿಯ ಎಣ್ಣೆಯನ್ನೂ ಆಡಿಸಿಟ್ಟಿದ್ದಾರಂತೆ. ನಾವು ಮಾರಿದ್ದು ಯಾವ ಬಾಣಂತಿಯ ಮನೆ ಸೇರಿತೋ, ಅವಳಿಗೆ ಫೋನ್ ಮಾಡುವವರೂ ಇಲ್ಲ.

ನನಗೆ ಭಯವಾಗುತ್ತಿದೆ, ಕೂಸೇ. ಎಲ್ಲರೂ ನಿನ್ನನ್ನು ಬೇಗ ಬಾ ಅನ್ನುತ್ತಿದ್ದಾರೆ, ನನಗೆ ಮಾತ್ರ ಹಾಗೆ ಅನ್ನಲು ಬಾಯಿ ಬರುತ್ತಿಲ್ಲ. ಈ ವಿಷ ಮೈ ಸೇರಿದರೆ ಕೂಸಿನ ಅಳು ಸೊರಗುತ್ತದಂತೆ. ಬಂದಾಗ ಗಟ್ಟಿಯಾಗಿ ಅಳು. ಹಾಲು ಕುಡಿಯಲು ಶುರುಮಾಡಿ ತಿಂಗಳಾದ ಮೇಲೂ ಹಾಗೇ ಅಳುತ್ತಿರು.

ನೂರು ಕಾಲ ಬಾಳು.

ನಿನ್ನ ದಾರಿ ನೋಡಲು ಹೆದರುತ್ತಿರುವ ಚಿಕ್ಕಮ್ಮ,
ಆಶಾ